ಚಾರ್ಲ್ಸ್‌ಟನ್ನಿನ ನ್ಯಾಯಾಧೀಶರು

ಎಲ್ಲರಿಗೂ ನಮಸ್ಕಾರ. ಇವತ್ತು ಹೇಳಹೊರಟಿರುವುದು ಅಮೆರಿಕದ ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟಿನ ನ್ಯಾಯಾಧೀಶ ಜೆ. ವೇಟೀಸ್ ವೇರಿಂಗ್ ಅವರ ಕಥೆ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಅಮೆರಿಕದ ‘ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟ್’ ಎಂದ ಕೂಡಲೇ ನಮಗೆ ನೆನಪಾಗುವುದು ಜಿಲ್ಲಾ ನ್ಯಾಯಾಲಯ: ಹೊರಗೆ ಮರದಡಿ ಟೈಪಿಸ್ಟುಗಳು, ಒಳಗೆ ತಲೆಮಾರು ಕಂಡ ಜಮೀನಿನ ದಾವೆಗಳು. ಅದು ಇದಲ್ಲ. ನಮ್ಮಲ್ಲಿ ತಾಲ್ಲೂಕಿನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ಅಲ್ಲಿ ಏಣಿ ಎರಡು, ರಾಜ್ಯದ್ದೊಂದು, ಒಕ್ಕೂಟದ್ದೊಂದು. ಒಕ್ಕೂಟದ ಏಣಿಯ ಕೆಳಗಿನ ಮೆಟ್ಟಿಲೇ ಈ ಡಿಸ್ಟ್ರಿಕ್ಟ್ ಕೋರ್ಟ್. ಇಂದು ಅಂಥವು 94 ಇವೆ.

1789ರ ಸೆಪ್ಟೆಂಬರ್ 24ರಂದು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸಹಿ ಹಾಕಿದ ಕಾಯ್ದೆಯಿಂದ ಮೊದಲ 13 ಹುಟ್ಟಿದವು. ನ್ಯಾಯಾಧೀಶರ ಸಂಬಳ ವರ್ಷಕ್ಕೆ 800ರಿಂದ 1,800 ಡಾಲರ್. ನ್ಯೂಯಾರ್ಕಿನಲ್ಲಿ ಜೇಮ್ಸ್ ಡ್ವೇನ್ ನವೆಂಬರ್ 3ರಂದೇ ಪೀಠವೇರಿದರು. ಸುಪ್ರೀಂ ಕೋರ್ಟು ಮೊದಲ ಬಾರಿ ಸೇರಿದ್ದು ಅದಾಗಿ ಮೂರು ತಿಂಗಳಿಗೆ. ಅಣ್ಣನಿಗಿಂತ ತಮ್ಮನೇ ಮೊದಲು ಕೆಲಸಕ್ಕೆ ಹೋದ ಹಾಗೆ.

ಆ ಕಾಯ್ದೆಯಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಒಂದು ಷರತ್ತು: ನ್ಯಾಯಾಧೀಶ ತನ್ನ ಡಿಸ್ಟ್ರಿಕ್ಟಿನಲ್ಲೇ ವಾಸವಿರಬೇಕು. ಇತ್ತ ಸಂವಿಧಾನ, ಸನ್ನಡತೆ ಇರುವವರೆಗೆ ಅವನನ್ನು ಕದಲಿಸುವಂತಿಲ್ಲ, ಸಂಬಳ ಕಡಿತ ಮಾಡುವಂತಿಲ್ಲ ಎನ್ನುತ್ತದೆ. ಅಂದರೆ ಊರಿನ ನಡುವೆಯೇ ಇರಬೇಕು, ಆದರೆ ಊರಿಗೆ ಹೆದರಬೇಕಾಗಿಲ್ಲ. ಬರೆಯುವುದು ಸುಲಭ. (ನ್ಯೂ ಹ್ಯಾಂಪ್‌ಶೈರಿನ ಜಾನ್ ಪಿಕರಿಂಗ್ ಕುಡಿದು, ಬುದ್ಧಿಭ್ರಮಣೆಯಾಗಿ ಪೀಠದ ಮೇಲೆಯೇ ಕೂಗಾಡುತ್ತಿದ್ದರು. ಅವರನ್ನು ಇಳಿಸಲು ಮಹಾಭಿಯೋಗವೇ ಬೇಕಾಯಿತು. ಅದು 1804ರಲ್ಲಿ.)

ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನ ಜೆ. ವೇಟೀಸ್ ವೇರಿಂಗ್ ಅವರಿಗೆ ಬನ್ನಿ. ತಲೆಮಾರುಗಳಿಂದ ಅದೇ ಊರಿನ ಪ್ರತಿಷ್ಠಿತ ಬಿಳಿಯ ಮನೆತನ, ತಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದ ಸೈನ್ಯದಲ್ಲಿ ಕಾದಾಡಿದವರು. ಅರುವತ್ತು ದಾಟಿದ ಮೇಲೆ ನ್ಯಾಯಾಧೀಶರಾದರು. ಅಲ್ಲಿಯವರೆಗೆ ಊರಿನ ರೀತಿ ರಿವಾಜಿಗೆ ಎದುರಾಡಿದವರೇನೂ ಅಲ್ಲ.

1946ರ ಫೆಬ್ರವರಿಯಲ್ಲಿ ಐಸಾಕ್ ವುಡರ್ಡ್ ಎಂಬ ಕರಿಯ ಸೈನಿಕ ಯುದ್ಧ ಮುಗಿಸಿ ಬಸ್ಸಿನಲ್ಲಿ ಮನೆಗೆ ಹೊರಟಿದ್ದ. ಸೈನ್ಯದ ಸಮವಸ್ತ್ರ ಇನ್ನೂ ಮೈಮೇಲಿತ್ತು. ಬೇಟ್ಸ್‌ಬರ್ಗ್‌ನ ಪೊಲೀಸ್ ಮುಖ್ಯಸ್ಥ ಅವನನ್ನು ಹೊಡೆದು ಎರಡೂ ಕಣ್ಣು ಕಳೆದ. ನವೆಂಬರಿನಲ್ಲಿ ಮೊಕದ್ದಮೆ ವೇರಿಂಗ್ ಅವರ ಮುಂದೆ ಬಂತು. ಸರ್ಕಾರಿ ವಕೀಲರ ತಯಾರಿ ಹೆಸರಿಗಷ್ಟೆ. ತಪ್ಪಿತಸ್ಥನೋ ಅಲ್ಲವೋ ಎಂದು ನಿರ್ಧರಿಸುವ ಜ್ಯೂರಿಯವರೆಲ್ಲ ಬಿಳಿಯರು, ಅವರು ಒಳಗೆ ಹೋದ ಮರುಗಳಿಗೆಯೇ ತೀರ್ಪು ಹಿಡಿದು ಹೊರಬರುತ್ತಾರೆಂದು ವೇರಿಂಗ್ ಅವರಿಗೆ ಗೊತ್ತಿತ್ತು. ಅದಕ್ಕೇ ತಾವೇ ಎದ್ದು ವಾಕಿಂಗ್ ಹೊರಟರು. ನ್ಯಾಯಾಧೀಶರಿಲ್ಲದೆ ತೀರ್ಪು ಹೇಳುವಂತಿಲ್ಲವಲ್ಲ, ಅಷ್ಟು ಹೊತ್ತಾದರೂ ಕೂತಿರಲಿ ಎಂದು. ವಾಪಸು ಬಂದಾಗ ಕಾದದ್ದು ಖುಲಾಸೆಯೇ. ಅವರ ಪತ್ನಿ ಎಲಿಜಬೆತ್ ಅಳುತ್ತಾ ಹೊರನಡೆದರು.

ಕೈಲಾಗದ ನ್ಯಾಯಾಧೀಶ ಮಾಡಬಹುದಾದ ಪ್ರತಿಭಟನೆ ಆ ವಾಕಿಂಗ್ ಒಂದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮರುವರ್ಷ ಅವರ ಕೈಯಲ್ಲೇ ತೀರ್ಪಿತ್ತು: ಡೆಮಾಕ್ರಟಿಕ್ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಕರಿಯರಿಗೂ ಮತ ಹಾಕಲು ಬಿಡಬೇಕೆಂದರು. ಆಮೇಲೆ ಅದೇ ರಾಜ್ಯದ ಕ್ಲಾರೆಂಡನ್ ಕೌಂಟಿಯ ಮೊಕದ್ದಮೆ. ಬಿಳಿಯ ಮಕ್ಕಳಿಗೆ ಶಾಲಾ ಬಸ್ಸುಗಳಿದ್ದವು, ಕರಿಯ ಮಕ್ಕಳಿಗೆ ಒಂದೂ ಇರಲಿಲ್ಲ. ಬಸ್ಸು ಕೊಡಿ ಎಂದು ಶುರುವಾದ ಜಗಳ, ಪ್ರತ್ಯೇಕ ಶಾಲೆಯೇ ಬೇಡ ಎನ್ನುವಲ್ಲಿಗೆ ಬೆಳೆಯಿತು. 1951ರಲ್ಲಿ ಮೂವರ ಪೀಠದಲ್ಲಿ ಇಬ್ಬರು ಪ್ರತ್ಯೇಕತೆಯನ್ನು ಎತ್ತಿಹಿಡಿದರು. ಪ್ರತ್ಯೇಕತೆಯೇ ಅಸಮಾನತೆ ಎಂದು ವೇರಿಂಗ್ ಒಬ್ಬರೇ ಭಿನ್ನಮತ ಬರೆದರು. 1954ರಲ್ಲಿ ಸುಪ್ರೀಂ ಕೋರ್ಟು, ಶಾಲೆಗಳಲ್ಲಿನ ಪ್ರತ್ಯೇಕತೆಯ ಕುರಿತ ಬ್ರೌನ್ ಮೊಕದ್ದಮೆಯಲ್ಲಿ ಅದೇ ಮಾತಿಗೆ ಬಂತು.

ಅಷ್ಟರಲ್ಲಿ ಅವರು ಊರು ಬಿಟ್ಟಾಗಿತ್ತು. ಮನೆಗೆ ಕಲ್ಲು ಬಿದ್ದಿತ್ತು, ಹಳೆಯ ಗೆಳೆಯರ ಬಾಗಿಲು ಮುಚ್ಚಿತ್ತು. ಕೆಲಸದಿಂದ ಯಾರೂ ತೆಗೆಯಲಿಲ್ಲ ನೋಡಿ, ಸಂಬಳದಲ್ಲೂ ಒಂದು ಡಾಲರ್ ಮುರಿಯಲಿಲ್ಲ! ಸಂವಿಧಾನದ ಭರವಸೆ ಅಲ್ಲಿಯವರೆಗೆ ಮಾತ್ರ. 1952ರಲ್ಲಿ ನಿವೃತ್ತರಾಗಿ ನ್ಯೂಯಾರ್ಕಿಗೆ ಹೋದರು. 1968ರಲ್ಲಿ ತೀರಿಕೊಂಡಾಗ ಚಾರ್ಲ್ಸ್‌ಟನ್ನಿನಲ್ಲೇ ಮಣ್ಣು ಮಾಡಿದರು. ಬಂದವರಲ್ಲಿ ಹೆಚ್ಚಿನವರು ಕರಿಯರು, ಬಿಳಿಯರು ಬೆರಳೆಣಿಕೆಯಷ್ಟು.

ಆ ಊರಿನ ಫೆಡರಲ್ ನ್ಯಾಯಾಲಯದ ಕಟ್ಟಡಕ್ಕೆ ಮೊದಲು ಸೆನೆಟರ್ ಅರ್ನೆಸ್ಟ್ ಹಾಲಿಂಗ್ಸ್ ಅವರ ಹೆಸರಿತ್ತು. ನನ್ನ ಹೆಸರು ತೆಗೆದು ವೇರಿಂಗ್ ಅವರದನ್ನು ಇಡಿ ಎಂದು ಅವರೇ ಕೇಳಿಕೊಂಡರು. 2015ರಲ್ಲಿ ಫಲಕ ಬದಲಾಯಿತು.