ಊರೊಳಗೆ ಡಬ್ಬಿ ಅಡಗಿಸುವ ಮುಂಚೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ, ಅದೂ ಹೀಗೆ ಮಳೆ ಹಿಡಿದಿರುವಾಗ, ಇಷ್ಟು ಜನ ಬಂದಿದ್ದೀರಿ. ಅರ್ಧ ಜನ ಆಟ ಗೊತ್ತಿರುವವರು, ಇನ್ನರ್ಧ ಅವರು ಎಳೆದುಕೊಂಡು ಬಂದವರು ಅಂತ ಮುಖ ನೋಡಿದರೇ ತಿಳಿಯುತ್ತದೆ. ಎರಡನೆಯವರಿಗಾಗಿ ಆಟ ಏನು ಅಂತ ಬೇಗ ಹೇಳಿಬಿಡುತ್ತೇನೆ.

ಯಾರೋ ಒಬ್ಬರು ಒಂದು ಡಬ್ಬಿ ಅಡಗಿಸುತ್ತಾರೆ. ಒಳಗೆ ಸುರುಳಿ ಸುತ್ತಿದ ಒಂದು ಕಾಗದ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಇಂಟರ್ನೆಟ್‌ಗೆ ಹಾಕುತ್ತಾರೆ. ನಾವು ಫೋನ್ ಹಿಡಿದು ಹುಡುಕಿ, ಕಾಗದದಲ್ಲಿ ಹೆಸರು, ತಾರೀಕು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಇದು ಜಿಯೋಕ್ಯಾಶಿಂಗ್. ಡಬ್ಬಿಗೆ ಕ್ಯಾಶ್ ಅಂತಾರೆ. ದುಡ್ಡಿನ ಕ್ಯಾಶ್ ಬೇರೆ, ಇದು ಬೇರೆ. ನಮ್ಮ ಮನೆಯಲ್ಲಿ ಇದನ್ನು ಅರ್ಥ ಮಾಡಿಸಲು ಆರು ತಿಂಗಳು ಹಿಡಿಯಿತು.

2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರಕಾರ ಸಾಮಾನ್ಯ ಜನರ ಜಿಪಿಎಸ್ ಸಿಗ್ನಲ್‌ಗೆ ಬೇಕಂತಲೇ ತಪ್ಪು ಬೆರೆಸುತ್ತಿತ್ತು. ನೂರು ಮೀಟರ್‌ವರೆಗೂ ಆಚೀಚೆ ತೋರಿಸುತ್ತಿತ್ತು. ಅದನ್ನು ನಿಲ್ಲಿಸಿದ್ದೇ ತಡ, ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ಟನ್ನು ಅರ್ಧ ಹೂತಿಟ್ಟರು. ಅದೇ ಮೊದಲ ಕ್ಯಾಶ್. ಒಳಗೆ ಬೀನ್ಸ್ ತುಂಬಿದ ಒಂದು ಡಬ್ಬವೂ ಇತ್ತಂತೆ. ಇವತ್ತಿನ ನಿಯಮದಲ್ಲಿ ಜಾಗದ ಒಡೆಯರ ಸ್ಪಷ್ಟ ಒಪ್ಪಿಗೆ ಇಲ್ಲದೆ ನೆಲ ಅಗೆಯುವ ಹಾಗಿಲ್ಲ, ತಿನ್ನುವ ಪದಾರ್ಥ ಇಡುವ ಹಾಗಿಲ್ಲ. ಆಟದ ಮೊದಲ ಡಬ್ಬಿಯೇ ಈಗಿನ ಪರೀಕ್ಷೆಯಲ್ಲಿ ಫೇಲು!

ಹಾಸನದವರಿಗೆ ಉಪಗ್ರಹ ಹೊಸದಲ್ಲ. ನಮ್ಮ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ 1982ರಿಂದಲೂ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದಾರೆ. ಮೊನ್ನೆ ಒಬ್ಬ ಹುಡುಗ ಕೇಳಿದ: 'ಸಾರ್, ಎಂಸಿಎಫ್ ಕಾಂಪೌಂಡ್ ಪಕ್ಕದಲ್ಲೇ ಒಂದು ಇಟ್ಟರೆ ಮಜಾ ಇರುತ್ತೆ ಅಲ್ವಾ?' ಮಜಾ ಇರುತ್ತೆ, ಕಾವಲಿನವರು ಬಂದು ಕರೆದುಕೊಂಡು ಹೋಗುವವರೆಗೆ. ರೈಲು ಹಳಿ, ಶಾಲೆ, ಸೇತುವೆಯ ಕಂಬ, ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ, ಎಟಿಎಂ ಬಾಗಿಲು, ಇವೂ ಅದೇ ಲೆಕ್ಕ. ಇದರಲ್ಲಿ ಚರ್ಚೆ ಮಾಡಲು ಏನೂ ಇಲ್ಲ, ಮುಂದೆ ಹೋಗೋಣ.

ನನ್ನ ಕಥೆ ಹೇಳುತ್ತೇನೆ. ನಗಬಹುದು.

ನಮ್ಮ ಬಡಾವಣೆಯಲ್ಲಿ ಮೂರು ದಾರಿ ಕೂಡುವ ಕಡೆ ಒಂದು ಅರಳಿಕಟ್ಟೆ ಇದೆ. ಸುತ್ತ ಕಬ್ಬಿಣದ ಬೇಲಿ. ನಾನು ಒಂದು ಪುಟ್ಟ ಮಾತ್ರೆ ಡಬ್ಬಿಗೆ ಕಪ್ಪು ಟೇಪ್ ಸುತ್ತಿ, ಬೀಳದಿರಲಿ ಅಂತ ಬೇಲಿಯ ಸರಳಿಗೆ ದಾರದಿಂದ ಕಟ್ಟಿದೆ. ಮನೆಯಲ್ಲಿ ಕೈಗೆ ಸಿಕ್ಕಿದ್ದು ಕೆಂಪು ದಾರ. ನನ್ನ ಇಬ್ಬರು ಶಿಷ್ಯರು ಅವತ್ತೇ ಹುಡುಕಿ, ಆಟದ ಅಡ್ಡಹೆಸರು ಬರೆಯುವ ಬದಲು ತಮ್ಮ ನಿಜವಾದ ಹೆಸರನ್ನೇ ಬರೆದರು. ಮಾರನೇ ದಿನ ಅಮಾವಾಸ್ಯೆ. ಇನ್ನೇನು ಬೇಕು ಹೇಳಿ?

ಬೆಳಿಗ್ಗೆ ರಂಗೋಲಿ ಹಾಕಲು ಬಂದ ಅಜ್ಜಿ ಮೊದಲು ನೋಡಿದ್ದು. ನಾನು ಹಾಲು ತರಲು ಹೊರಟಾಗ ಅಲ್ಲಿ ಹದಿನೈದು ಜನ. ಒಬ್ಬರು ಕೋಲಿನಿಂದ ದಾರ ಹರಿದು ಡಬ್ಬಿ ಕೆಳಗೆ ಬೀಳಿಸಿದರು. ಮುಚ್ಚಳ ಹಾರಿ ಕಾಗದದ ಸುರುಳಿ ಹೊರಗೆ ಬಂತು. ಬಿಚ್ಚಿದರೆ ಎರಡು ಹೆಸರು, ಎದುರಿಗೆ ತಾರೀಕು. 'ಮಾಟ ಮಾಡ್ಸವ್ರೆ' ಅಂತ ಒಬ್ಬರು ಪಿಸುಗುಟ್ಟಿದರು. ಆ ಶಿಷ್ಯರಲ್ಲಿ ಒಬ್ಬನ ತಾಯಿ ಅಲ್ಲೇ ಇದ್ದರು. ಮಗನ ಹೆಸರು ಓದಿ ಅವರ ಮುಖ ಬಿಳಿಚಿಕೊಂಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಉಪಗ್ರಹ, ಅಕ್ಷಾಂಶ ಅಂತ ಶುರು ಮಾಡಿದೆ. ಯಾರೂ ಕೇಳಲಿಲ್ಲ. ಕುಂಬಳಕಾಯಿ ಒಡೆದು, ಡಬ್ಬಿ ಸುಟ್ಟು, ಆಮೇಲೆ ನನ್ನ ಕಡೆ ತಿರುಗಿದರು. ಕುಂಬಳಕಾಯಿಯ ದುಡ್ಡು ನಾನೇ ಕೊಟ್ಟೆ.

ಅವರನ್ನು ಮೂಢರು ಅಂತ ಬೈಯುವುದು ಸುಲಭ. ಆಟ ಗೊತ್ತಿಲ್ಲದವರನ್ನು ಮಗಲ್ ಅಂತ ಕರೆಯುವ ರೂಢಿಯೂ ನಮ್ಮವರಲ್ಲಿದೆ. ನನಗೆ ಆ ಪದ ಹಿಡಿಸುವುದಿಲ್ಲ. ಆ ಅಜ್ಜಿಗೆ ಆ ಕಟ್ಟೆಯ ಒಂದೊಂದು ಕಲ್ಲೂ ಗೊತ್ತು. ಅವತ್ತು ಅಲ್ಲಿ ಏನೂ ಗೊತ್ತಿಲ್ಲದವನು ಅಂತಿದ್ದರೆ ಅದು ನಾನೇ.

ಇದು ನಮ್ಮ ಊರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಸಣ್ಣ ಪಟ್ಟಣದಲ್ಲಿ ಒಂದು ಕೆಫೆಯ ಹೊರಗಿದ್ದ ಹೂಕುಂಡದ ಕೆಳಗೆ ಯಾರೋ ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದು ನೋಡಿ ಪೊಲೀಸರಿಗೆ ಫೋನ್ ಹೋಯಿತು. ರಸ್ತೆ ಬಂದ್. ಬಾಂಬ್ ದಳದವರು ಬಂದು ಡಬ್ಬಿಯನ್ನು ಸಿಡಿಸಿದರು. ಅದು ಕ್ಯಾಶ್. ಅವರ ಹೆದರಿಕೆ ಬಾಂಬು, ನಮ್ಮದು ಮಾಟ. ನಮ್ಮಲ್ಲಿ ಎರಡೂ ಇದೆ. ಬಸ್ ಸ್ಟ್ಯಾಂಡಿನಲ್ಲಿ ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ ಅಂತ ಕೂಗುತ್ತಾರಲ್ಲ, ನಮ್ಮ ಡಬ್ಬಿಯೂ ವಾರಸುದಾರರಿಲ್ಲದ ವಸ್ತುವೇ. ಅದಕ್ಕೆ ಕಪ್ಪು ಟೇಪ್ ಬೇಡ. ಒಳಗಿರುವುದು ಹೊರಗೇ ಕಾಣುವ ಡಬ್ಬಿ ಇರಲಿ. ಮೇಲೆ ಕನ್ನಡದಲ್ಲಿ ದೊಡ್ಡದಾಗಿ 'ಇದು ಆಟದ ಡಬ್ಬಿ' ಅಂತ ಬರೆದು ಒಂದು ಫೋನ್ ನಂಬರ್ ಹಾಕಿ. ಇಂಗ್ಲಿಷಿನಲ್ಲಿ ಜಿಯೋಕ್ಯಾಶ್ ಅಂತ ಮಾತ್ರ ಬರೆದರೆ ಪೌರಕಾರ್ಮಿಕರಿಗೆ ಏನು ತಿಳಿಯಬೇಕು?

ಇನ್ನು ಅನುಮತಿ. 'ಕೇಳಿದರೆ ಬೇಡ ಅಂತಾರೆ, ಸುಮ್ನೆ ಇಟ್ಟುಬಿಡೋಣ' ಅನ್ನುವವರೇ ಜಾಸ್ತಿ. ಬೇಡ ಅಂದರೆ ಬೇಡ, ಅಷ್ಟೇ. ಜಾಗದ ಒಡೆಯರ ಒಪ್ಪಿಗೆ ಬೇಕು ಅಂತ ಆಟದ ನಿಯಮವೇ ಹೇಳುತ್ತದೆ. ಹೊಸ ಕ್ಯಾಶ್ ಹಾಕಿದಾಗ ಸ್ವಯಂಸೇವಕರೊಬ್ಬರು ಪರಿಶೀಲಿಸುತ್ತಾರೆ, ನಿಜ. ಬೇರೆ ಕ್ಯಾಶ್‌ಗಿಂತ 161 ಮೀಟರ್ ದೂರ ಇದೆಯಾ ಅಂತ ಅವರು ನಕ್ಷೆಯಲ್ಲಿ ನೋಡಬಲ್ಲರು. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಎಷ್ಟು ಜನ ಇರುತ್ತಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಾನಂತೂ ಒಡೆಯರ ಜೊತೆಗೆ ಆ ಜಾಗದಲ್ಲಿ ದಿನವಿಡೀ ಇರುವವರನ್ನೂ ಕೇಳುತ್ತೇನೆ. ಹೂವಿನವರು, ಆಟೋದವರು, ವಾಚ್‌ಮನ್. ಡಬ್ಬಿ ನೋಡಿ ಹೆದರುವವರೂ ಅವರೇ, ಕಾಯುವವರೂ ಅವರೇ.

ಬೇಲೂರು, ಹಳೇಬೀಡಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. 2023ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಒಂದು ಡಬ್ಬಿ ಇಡುವ ಆಸೆ ಎಲ್ಲರಿಗೂ ಬಂದಿದೆ. ದಯವಿಟ್ಟು ಬೇಡ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಆಗಬಹುದು, ಎರಡೂ ಆಗಬಹುದು. ನೀವು ಹಾನಿ ಮಾಡುವುದಿಲ್ಲ, ಒಪ್ಪುತ್ತೇನೆ. ನಿಮ್ಮ ಹಿಂದೆ ಹುಡುಕಲು ಬರುವವರು? ಡಬ್ಬಿ ಸಿಗದವನು ಸಂದಿಗೆ ಕೈ ಹಾಕುತ್ತಾನೆ, ಕಲ್ಲು ಅಲ್ಲಾಡಿಸುತ್ತಾನೆ. ಊರಾಚೆಯ ವೀರಗಲ್ಲಿನ ಹತ್ತಿರವಾದರೆ ಕಥೆಯೇ ಬೇರೆ. ಕತ್ತಲಲ್ಲಿ ಟಾರ್ಚ್ ಹಿಡಿದು ವೀರಗಲ್ಲಿನ ಬುಡ ತಡಕುವವನನ್ನು ಹಳ್ಳಿಯವರು ನಿಧಿಗಳ್ಳ ಅನ್ನದೆ ಇನ್ನೇನು ಅಂದಾರು? ಅಷ್ಟು ಆಸೆ ಇದ್ದರೆ ಮಲ್ಟಿ ಕ್ಯಾಶ್ ಮಾಡಿ, ಅಂದರೆ ಒಂದು ಜಾಗದ ಸುಳಿವು ಹಿಡಿದು ಇನ್ನೊಂದು ಜಾಗಕ್ಕೆ ಹೋಗುವ ಆಟ. ದೇವಸ್ಥಾನದ ಫಲಕದಲ್ಲಿರುವ ಇಸವಿಯಿಂದ ಡಬ್ಬಿಯ ಅಕ್ಷಾಂಶ, ರೇಖಾಂಶ ಲೆಕ್ಕ ಹಾಕಿಸಿ, ಡಬ್ಬಿಯನ್ನು ದೂರದಲ್ಲಿ, ಒಪ್ಪಿದ ಹೋಟೆಲಿನವರ ಜಗುಲಿಯಲ್ಲಿ ಇಡಿ.

ಹುಡುಕುವವರು ಎಷ್ಟು ಅಗಲಕ್ಕೆ ಹುಡುಕುತ್ತಾರೆ ಅನ್ನುವುದು ನೀವು ಕೊಡುವ ಅಂಕಿಯ ಮೇಲೆ ನಿಂತಿದೆ. ಹಾಸನ ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದ ಮೇಲೇ ಕೂತಿದೆ. ಅದರ ಮುಂದೆ ಮಿನಿಟು, ಅಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ, ಆಮೇಲೆ ಅದರ ದಶಾಂಶದ ಮೂರು ಅಂಕಿ ಬರೆಯುತ್ತೇವಲ್ಲ, ಅಕ್ಷಾಂಶದ ಆ ಕೊನೆಯ ಅಂಕಿ ಒಂದು ಹೆಚ್ಚಾದರೆ ಸುಮಾರು 1.8 ಮೀಟರ್ ಸರಿದ ಹಾಗೆ. ಕಟ್ಟಡಗಳ ಮಧ್ಯೆ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ಫೋನು ಇನ್ನೂ ದೂರ ತೋರಿಸಬಹುದು. ಒಂದೇ ಸಲ ಅಳೆದು ಹಾಕಿದರೆ ಪಕ್ಕದ ಮನೆಯವರ ಹೂಗಿಡ ಕಿತ್ತುಬರುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕು ಸಲ ಅಳೆದು ಸರಾಸರಿ ತೆಗೆಯಿರಿ.

ಆಮೇಲೆ ಅಲ್ಲಿ ಐದು ನಿಮಿಷ ಸುಮ್ಮನೆ ನಿಂತು ನೋಡಿ. ಎದುರಿಗೆ ಯಾರದಾದರೂ ಮಲಗುವ ಕೋಣೆಯ ಕಿಟಕಿ ಇದೆಯಾ? ಹಾಗಿದ್ದರೆ ಬೇಡ. ಒಬ್ಬ ಹುಡುಗಿ ಸಂಜೆ ಆರಕ್ಕೆ ಒಬ್ಬಳೇ ಬಂದು ಇಲ್ಲಿ ಹತ್ತು ನಿಮಿಷ ತಡಕಾಡಲು ಆಗುತ್ತಾ? ನನಗೆ ಇದು ಹೊಳೆದಿರಲೇ ಇಲ್ಲ. ನಮ್ಮ ಗುಂಪಿನ ಒಬ್ಬರು ಕೇಳಿದ ಮೇಲೆ ನನ್ನ ಎರಡು ಡಬ್ಬಿ ಎತ್ತಿಕೊಂಡು ಬಂದೆ. ಒಂದು ಬಾರಿನ ಹಿಂದಿತ್ತು.

ಇಟ್ಟ ಮೇಲೆ ಅದು ಸಾಕಿದ ನಾಯಿ ಇದ್ದ ಹಾಗೆ, ಬಿಟ್ಟು ಹೋಗುವ ಹಾಗಿಲ್ಲ. ಜುಲೈ ಕಳೆಯುವಷ್ಟರಲ್ಲಿ ಕಾಗದ ಮುದ್ದೆ. ಕೋತಿ ಒಯ್ಯುತ್ತದೆ. ಸಂದಿಯಲ್ಲಿ ಚೇಳು ಸೇರುತ್ತದೆ. ಆದ್ದರಿಂದ ಬೆಂಗಳೂರಿಗೆ ಕೆಲಸಕ್ಕೆ ಹೊರಟವರು ಹೋಗುವ ಮುಂಚೆ ನೆನಪಿಗೊಂದು ಇಟ್ಟು ಹೋಗಬೇಡಿ. ನೋಡಿಕೊಳ್ಳುವವರಿಗೆ ವಹಿಸಿ, ಇಲ್ಲವಾದರೆ ಎತ್ತಿಕೊಂಡು ಹೋಗಿ.

ಆ ಅರಳಿಕಟ್ಟೆಯ ಡಬ್ಬಿ ಏನಾಯಿತು ಅಂತ ಕೇಳುತ್ತಿದ್ದಾರೆ. ಸುಟ್ಟಿದ್ದರ ಬದಲಿಗೆ ಇಟ್ಟ ಹೊಸ ಡಬ್ಬಿ ಈಗ ಅಲ್ಲಿಂದ ಸ್ವಲ್ಪ ದೂರ, ಒಂದು ಕಾಫಿ ಅಂಗಡಿಯ ಬೆಂಚಿನ ಪಕ್ಕದಲ್ಲಿದೆ. ಅಂಗಡಿಯವರಿಗೂ ಗೊತ್ತು, ರಂಗೋಲಿ ಅಜ್ಜಿಗೂ ಗೊತ್ತು. ದಾರಿ ತಪ್ಪಿದವರಿಗೆ ಅಜ್ಜಿಯೇ ಕೈ ತೋರಿಸುತ್ತಾರಂತೆ. ಅಡಗಿಸಿದ ಮಜಾ ಹೋಯಿತಲ್ಲ ಅಂತ ಹುಡುಗರ ತಕರಾರು. ಮಳೆ ನಿಂತರೆ ಈಗಲೇ ಹೋಗಿ ನೋಡೋಣ. ಪೆನ್ನು ನಿಮ್ಮದೇ ತನ್ನಿ, ಡಬ್ಬಿಯಲ್ಲಿ ಇಟ್ಟ ಮೂರು ಪೆನ್ನೂ ಮಾಯವಾಗಿವೆ.