ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದೆ, ಬೆಳಿಗ್ಗೆ ನೋಡಿದರೆ 46% | ವಿಜಯಪುರದಿಂದ ಬಾಗಲಕೋಟೆಗೆ ನಮ್ಮ ಇವಿ

ನಮಸ್ಕಾರ ಎಲ್ಲರಿಗೂ. ಬೆಳಿಗ್ಗೆ ಆರು ಗಂಟೆ, ವಿಜಯಪುರ. ಈ ನಂಬರ್ ಕಾಣಿಸುತ್ತಿದೆ ಅಲ್ವಾ? ನಮ್ಮ ಕರೆಂಟ್ ಕಾರಿನ ಚಾರ್ಜ್, 46%. ರಾತ್ರಿ ಹತ್ತಕ್ಕೆ ಪ್ಲಗ್ ಹಾಕಿ ಮಲಗಿದಾಗಲೂ ಇಷ್ಟೇ ಇತ್ತು. ಎಂಟು ತಾಸಿನಲ್ಲಿ ಒಂದು ಪಾಯಿಂಟ್ ಕೂಡ ಏರಿಲ್ಲ. ಇವತ್ತೇ ಅವ್ವನನ್ನು ಕರೆದುಕೊಂಡು ಬಾಗಲಕೋಟೆಗೆ ಹೋಗಬೇಕು, ತಂಗಿಯ ಮನೆಗೆ.

ಹೊಸದಾಗಿ ನೋಡುತ್ತಿರುವವರಿಗೆ ಹೇಳಿಬಿಡುತ್ತೇನೆ. ಗಾಡಿ ಟಿಯಾಗೋ ಇವಿ, ಬ್ಯಾಟರಿ 24 ಕಿಲೋವ್ಯಾಟ್ ಅವರ್. ತಗೊಂಡು ಎರಡು ತಿಂಗಳು. ಪ್ಲಗ್-ಇನ್ ಹೈಬ್ರಿಡ್ ಯಾಕೆ ತಗೊಳ್ಳಲಿಲ್ಲ ಅಂತ ಕೆಲವರು ಕೇಳಿದ್ದೀರಿ. ಅದರಲ್ಲಿ ಚಾರ್ಜ್ ಮುಗಿದರೂ ಪೆಟ್ರೋಲ್ ಇಂಜಿನ್ ಮನೆ ಮುಟ್ಟಿಸುತ್ತದೆ, ನಿಜ. ಆದರೆ ನಮ್ಮ ದೇಶದಲ್ಲಿ ಅಂಥ ಗಾಡಿ ಸಿಗುವುದೇ ಅಪರೂಪ, ಸಿಕ್ಕರೂ ಆ ಬೆಲೆ ನಮಗೆ ಆಗುವ ಮಾತಲ್ಲ. ನನ್ನದರಲ್ಲಿ ಬ್ಯಾಟರಿ ಮುಗಿದರೆ ಮುಗಿಯಿತು. ಅದಕ್ಕೇ ಈ ನಂಬರ್ ನೋಡಿ ಎದೆ ಧಸಕ್ಕೆಂದಿತು.

ಇದು ಕೇಬಲ್ ಮಧ್ಯದ ಡಬ್ಬಿ. ಕೆಂಪು ದೀಪ ನೋಡಿ. ಕರೆಂಟ್ ಬಿಡುವ ಮೊದಲು ಈ ಡಬ್ಬಿ ಮನೆಗೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಸರಿ ಇದೆಯಾ ಅಂತ ಪರೀಕ್ಷೆ ಮಾಡುತ್ತದೆ. ಇಲ್ಲದಿದ್ದರೆ ಬಿಡುವುದೇ ಇಲ್ಲ. ನಿನ್ನೆ ನಾನು ಪ್ಲಗ್ ಹಾಕಿ, ದೀಪ ನೋಡದೆ ಒಳಗೆ ಹೋದೆ. ಇನ್ನು ಮೇಲೆ ಹಸಿರು ಬರುವವರೆಗೆ ಅಲ್ಲೇ ನಿಲ್ಲುತ್ತೇನೆ. ನೀವೂ ನಿಲ್ಲಿ.

ಏಳೂವರೆಗೆ ಎಲೆಕ್ಟ್ರಿಷಿಯನ್ ಬಂದರು. ನಮ್ಮ ಓಣಿಯವರೇ. ಈ ಶಾಟ್ ಪೂರ್ತಿ ಇಟ್ಟಿದ್ದೇನೆ, ದಯವಿಟ್ಟು ಮುಂದಕ್ಕೆ ಓಡಿಸಬೇಡಿ. ಅವರ ಕೈಯಲ್ಲಿ ಇರುವುದು ಸಾದಾ ಬಲ್ಬು, ಹೋಲ್ಡರಿಗೆ ಎರಡು ವೈರು. ಫೇಸ್ (ಕರೆಂಟ್ ಬರುವ ವೈರ್) ಮತ್ತು ನ್ಯೂಟ್ರಲ್‌ಗೆ (ವಾಪಸ್ ಹೋಗುವ ವೈರ್) ಮುಟ್ಟಿಸಿದರೆ ಝಗ್ಗನೆ ಉರಿಯಿತು. ಈಗ ಫೇಸ್ ಮತ್ತು ಅರ್ಥ್. ನೋಡಿ, ಒಳಗಿನ ತಂತಿ ಮಾತ್ರ ಕೆಂಪಗೆ, ಊದಿನಕಡ್ಡಿಯ ತುದಿಯ ಹಾಗೆ. "ಅಕ್ಕಾರ, ಅರ್ಥಿಂಗ್ ಸತ್ತೈತ್ರಿ. ಗುಂಡಿ ಎಲ್ಲೈತಿ?" ಅಂದರು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿದರೆ 28 ವೋಲ್ಟ್. ಎರಡು ಮೂರರ ಒಳಗಿದ್ದರೆ ಚೆನ್ನಾಗಿದೆ ಅಂತ ಅರ್ಥವಂತೆ.

ಗುಂಡಿ ಹಿತ್ತಲಲ್ಲಿತ್ತು, ಗೊಬ್ಬರದ ಚೀಲಗಳ ಕೆಳಗೆ. ಮನೆ ಕಟ್ಟುವಾಗ ಅಪ್ಪನೇ ಮುಂದೆ ನಿಂತು ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸಿದ್ದರು. ಆಮೇಲೆ ಯಾರೂ ಅತ್ತ ನೋಡಿಲ್ಲ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಕಾಲಿಗೆ ಅಂಟುವ ಮಣ್ಣು, ಮೇ ತಿಂಗಳಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಮಣ್ಣು ಪೈಪನ್ನು ಹಿಡಿದುಕೊಳ್ಳುವುದಿಲ್ಲ. ಒಣ ಮಣ್ಣಿನಲ್ಲಿ ಕರೆಂಟ್ ಇಳಿಯುವುದೂ ಇಲ್ಲ. ಮಾರ್ಚ್‌ನಲ್ಲಿ ಚಾರ್ಜ್ ಆಗುತ್ತಿದ್ದದ್ದು ಈಗ ನಿಂತದ್ದು ಅದಕ್ಕೇ. ಮೇಲಿನ ನಟ್ಟು ಬೇರೆ ಪೂರ್ತಿ ತುಕ್ಕು. ಅದನ್ನು ಉಸುಕಿನ ಕಾಗದದಿಂದ ತಿಕ್ಕಿ, ವೈರ್ ಬಿಗಿ ಮಾಡಿದರು. ಆಮೇಲೆ ನೀರು.

ಇಲ್ಲಿ ನೋಡಿ. ಒಂದು ಕೊಡ ನೀರು ಗುಟುಗುಟು ಅಂತ ಒಳಗೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ನಿಧಾನ. ಅವ್ವ ಬಲ್ಬು ನೋಡುತ್ತಾ ನಿಂತಿದ್ದಾಳೆ. ಕೆಂಪು ತಂತಿ ಹಳದಿಯಾಯಿತು, ಹಳದಿ ಬೆಳ್ಳಗಾಯಿತು. ನಾಲ್ಕನೇ ಕೊಡಕ್ಕೆ ಬಲ್ಬು ಮೊದಲಿನ ಹಾಗೆ ಝಗ್ಗನೆ! ಮೀಟರ್‌ನಲ್ಲಿ 3 ವೋಲ್ಟ್. ಮಣ್ಣಿಗೆ ನೀರು ಕುಡಿಸಿದರೆ ಬಲ್ಬು ಉರಿಯುವುದನ್ನು ನಾನು ಕಣ್ಣಾರೆ ನೋಡಿದ್ದು ಇವತ್ತೇ.

ಒಂದು ವಿಷಯ ಖಡಾಖಂಡಿತ ಹೇಳುತ್ತೇನೆ. "ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಹಾಕಿಬಿಡಿ, ಹಸಿರು ದೀಪ ಬರುತ್ತದೆ" ಅಂತ ಸಲಹೆ ಕೊಡುವವರು ಇದ್ದಾರೆ. ಹಾಕಬೇಡಿ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಗಾಡಿಯ ಮೈಗೇ ಕರೆಂಟ್ ಬರುತ್ತದೆ. ಮಕ್ಕಳು ಮುಟ್ಟುವ ಬಾಗಿಲು ಅದು. ಇವತ್ತಿನ ಕೆಲಸಕ್ಕೆ 400 ರೂಪಾಯಿ ತಗೊಂಡರು. ಹೊಸ ಗುಂಡಿ, ತಾಮ್ರದ ರಾಡ್ ಎಲ್ಲ ಸೇರಿ 4,500 ಹೇಳಿದ್ದಾರೆ, ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್, ಆರ್‌ಸಿಸಿಬಿ, ಬೇರೆ. ಮೊದಲು ಜಾಸ್ತಿ ಅನ್ನಿಸಿತು. ಬಲ್ಬು ನೋಡಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ, ಮುಂದಿನ ವಾರ ಮಾಡಿಸುತ್ತೇನೆ.

ಎಂಟೂವರೆಗೆ ಚಾರ್ಜ್ ಶುರು. 15 ಆಂಪ್ ಸಾಕೆಟ್‌ನಲ್ಲಿ ತಾಸಿಗೆ ಹತ್ತು ಪರ್ಸೆಂಟ್ ಹತ್ತಿರ ಏರುತ್ತದೆ. ಕಾಯುವಾಗ ಖರ್ಚಿನ ಮಾತು ಮುಗಿಸುತ್ತೇನೆ. ಖಾಲಿಯಿಂದ ಫುಲ್ ಮಾಡಿದರೆ ಸುಮಾರು 27 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ 160ರ ಆಸುಪಾಸು. ಆದರೆ ಗೃಹಜ್ಯೋತಿ ಇರುವವರು ಲೆಕ್ಕ ಹಾಕಿಕೊಳ್ಳಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗಾಡಿಗೆ ತಿಂಗಳಿಗೆ ನಾಲ್ಕು ಸಲ ಫುಲ್ ಮಾಡಿದರೇ ನೂರಕ್ಕಿಂತ ಜಾಸ್ತಿ ಯೂನಿಟ್ ಆಯಿತು. ನಮ್ಮ ಮನೆಯಲ್ಲಿ ಹೋದ ತಿಂಗಳು ದಾಟಿತು.

ಅವ್ವ ಆಗಲೇ ಸೀರೆ ಉಟ್ಟು ಕೂತಿದ್ದಾಳೆ. "ಯವ್ವಾ, ಎಷ್ಟೊತ್ತಿಗೆ ಹೋಗೂದು?"

ಹನ್ನೆರಡು ಗಂಟೆ, 81%. ಹೊರಟೆವು. ದಾರಿ 85 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಸ್ಕ್ರೀನ್ ಮೇಲಿನ ಕಿಲೋಮೀಟರ್ ನಂಬರ್ ನಾನು ನಂಬುವುದಿಲ್ಲ. ನನ್ನ ಲೆಕ್ಕ ಒಂದೇ: 70ರಲ್ಲಿ ಹೋದರೆ ಒಂದು ಪರ್ಸೆಂಟ್‌ಗೆ ಎರಡು ಕಿಲೋಮೀಟರ್. 100ರಲ್ಲಿ ಹೋದರೆ ಒಂದೂವರೆ. ವೇಗ ಹೆಚ್ಚಾದಷ್ಟೂ ಗಾಳಿಯನ್ನು ನೂಕುವುದಕ್ಕೇ ಬ್ಯಾಟರಿ ಖರ್ಚಾಗುತ್ತದೆ. ಬ್ರೇಕ್‌ನಿಂದ ವಾಪಸ್ ಚಾರ್ಜ್ ಮಾಡುವ ರೀಜನ್ ಊರೊಳಗೆ ಮೂರನೇ ಹಂತದಲ್ಲಿ, ಹೈವೇಯಲ್ಲಿ ಒಂದನೇ ಹಂತದಲ್ಲಿ ಇಡುತ್ತೇನೆ. ಮೊದಲ ವಾರ ಮೂರು ಅಂದರೆ ನನಗೆ ಆಗುತ್ತಲೇ ಇರಲಿಲ್ಲ, ಗಾಡಿ ಹಿಂದಕ್ಕೆ ಎಳೆದ ಹಾಗೆ. ಈಗ ಅದಿಲ್ಲದೆ ಸ್ಟೇಷನ್ ರೋಡಿನಲ್ಲಿ ಓಡಿಸಲು ಬೇಜಾರು.

ಇದು ಬೆಳಿಗ್ಗೆ ತೆಗೆದ ಶಾಟ್, ತಾಜ್ ಬಾವಡಿ. ಊರಿಗೆ ಬಂದವರೆಲ್ಲ ಗೋಳಗುಮ್ಮಟ ನೋಡಿ ಹೋಗುತ್ತಾರೆ. ಅದು ದೊಡ್ಡದೇ, ಬೇಡ ಅನ್ನುವುದಿಲ್ಲ. ಆದರೆ ಈ ಬಿಸಿಲಿನ ಊರಿಗೆ ಆದಿಲಶಾಹಿಗಳು ಬಾವಿ ತೋಡಿಸಿ, ನೆಲದೊಳಗೆ ಕೊಳವೆ ಹಾಕಿಸಿ, ನೀರಿನ ಗೋಪುರ ಕಟ್ಟಿಸಿ ನೀರು ಹಂಚಿದ್ದು ನನಗೆ ಅದಕ್ಕಿಂತ ದೊಡ್ಡದು ಅನ್ನಿಸುತ್ತದೆ. ಅದರ ಮೇಲೆ ಬೇರೆ ವಿಡಿಯೋನೇ ಮಾಡಬೇಕು... ಸರಿ, ಹೈವೇ ಬಂತು.

ಎಸಿ ಹಾಕಬಾರದು, ಚಾರ್ಜ್ ಉಳಿಯುತ್ತದೆ ಅಂತ ಹೋದ ವಿಡಿಯೋದಲ್ಲಿ ನಾನೇ ಹೇಳಿದ್ದೆ. ವಾಪಸ್ ತಗೊಳ್ಳುತ್ತೇನೆ. ಹೊರಗೆ 41 ಡಿಗ್ರಿ, ಅವ್ವನಿಗೆ ಬಿಪಿ. ಒಂದೂವರೆ ತಾಸಿನ ದಾರಿಗೆ ಎಸಿ ತಿನ್ನುವುದು ಐದಾರು ಪರ್ಸೆಂಟ್ ಅಷ್ಟೇ. 90ರಿಂದ 70ಕ್ಕೆ ಇಳಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ. ನಿಧಾನ ಹೋಗಿ, ತಣ್ಣಗೆ ಹೋಗಿ.

ಕೊಲ್ಹಾರ. ಮೊಸರಿನ ಕುಡಿಕೆ ತಗೊಳ್ಳದೆ ಈ ಊರು ದಾಟುವ ಹಾಗಿಲ್ಲ. ಮಣ್ಣಿನ ಕುಡಿಕೆ ನೀರು ಹೀರಿಕೊಳ್ಳುತ್ತದೆ, ಅದಕ್ಕೇ ಮೊಸರು ಇಷ್ಟು ಗಟ್ಟಿ. ಇಲ್ಲಿ ಕೃಷ್ಣೆ, ಸೇತುವೆ ಮೇಲಿನ ಗಾಳಿ ಕೇಳಿಸುತ್ತಿರಬೇಕು.

ಬಾಗಲಕೋಟೆ, ನವನಗರ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಮುಳುಗಿದವರಿಗಾಗಿ ಕಟ್ಟಿದ ಊರು, ತಂಗಿಯ ಅತ್ತೆ ಮಾವನೂ ಹಾಗೇ ಬಂದವರು. 37% ಉಳಿದಿದೆ. 44 ಖರ್ಚು, ಲೆಕ್ಕ ತಪ್ಪಲಿಲ್ಲ! ಎಸಿಗೆ ಅಂತ ಇರುವ ಸಾಕೆಟ್‌ಗೆ ಪ್ಲಗ್ ಹಾಕಿದೆ. ನಿಂತೆ. ಹಸಿರು.

ಇನ್ನೊಂದು ಪ್ರಶ್ನೆ: ಬ್ಯಾಟರಿ ಹಾಳಾಗದಿರಲಿ ಅಂತ ಚಾರ್ಜ್ 80%ಗೆ ನಿಲ್ಲಿಸಬೇಕಾ? ಫೋನಿಗೆ ಹೇಳುವ ಮಾತು ಎಲ್ಲ ಗಾಡಿಗೂ ಹೊಂದುವುದಿಲ್ಲ. ನನ್ನದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅದರ ವೋಲ್ಟೇಜ್ ಮಧ್ಯದಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಪರ್ಸೆಂಟ್ ಲೆಕ್ಕ ಜಾರುತ್ತದೆ. ಆಗಾಗ ನಿಧಾನ ಚಾರ್ಜಿನಲ್ಲಿ 100 ಮಾಡಿದರೆ ಲೆಕ್ಕ ಸರಿಹೋಗುತ್ತದೆ, ಸೆಲ್‌ಗಳೂ ಸಮವಾಗುತ್ತವೆ. ನಾನು ವಾರಕ್ಕೊಮ್ಮೆ ಮಾಡುತ್ತೇನೆ.

ಸಂಜೆ ಏಳು, 87%. ಹದಿಮೂರೂವರೆ ಯೂನಿಟ್ ಹತ್ತಿರ ಆಗಿದೆ. ನೂರು ರೂಪಾಯಿ ಟೇಬಲ್ ಮೇಲೆ ಇಟ್ಟೆ. ತಂಗಿ ಅದನ್ನು ಅವ್ವನ ಚೀಲಕ್ಕೇ ವಾಪಸ್ ತುರುಕಿದಳು. ಈಗ ವಾಪಸ್ ಬರುತ್ತಾ ಸೇತುವೆ ದಾಟುವಾಗ ಅಪ್ಪನ ಫೋನ್, ಸ್ಪೀಕರ್‌ನಲ್ಲಿದೆ, ಕೇಳಿ: "ಗುಂಡಿಗೆ ಎರಡ ಕೊಡ ನೀರ ಹಾಕೀನಿ. ನಿಧಾನ ಬರ್ರಿ."