ಹೋಬಳಿ ಕ್ರೀಡಾಕೂಟದಿಂದ ಮರಳಿ ಬರುವ ಮಗು

ಮಾನ್ಯ ಮುಖ್ಯೋಪಾಧ್ಯಾಯರೇ, ದೈಹಿಕ ಶಿಕ್ಷಣ ಶಿಕ್ಷಕರೇ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರೇ, ಪೋಷಕ ಬಂಧುಗಳೇ,

ಶಾಲಾ ಅಥ್ಲೆಟಿಕ್ಸ್ ಕುರಿತು ಮಾತನಾಡಲು ನಿಂತವರು ಸಾಮಾನ್ಯವಾಗಿ ಪದಕ ಗೆದ್ದವರ ಹೆಸರುಗಳಿಂದ ಆರಂಭಿಸುತ್ತಾರೆ. 2010ರ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್‌ನಲ್ಲಿ ಕುಂದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ ಚಿನ್ನ ಗೆದ್ದದ್ದು ನಮಗೆಲ್ಲ ಹೆಮ್ಮೆಯ ಸಂಗತಿಯೇ. ಆದರೆ ಇಲ್ಲಿ ಕುಳಿತಿರುವ ಬಹುಪಾಲು ಪೋಷಕರ ಮಕ್ಕಳು ಹೋಬಳಿ ಮಟ್ಟದಲ್ಲಿ ಓಡಿ, ಅಲ್ಲಿಂದಲೇ ಮನೆಗೆ ಮರಳುವವರು. ಇಂದಿನ ನನ್ನ ಮಾತು ಅವರನ್ನು ಕುರಿತದ್ದು. ಅವರ ವಿಷಯದಲ್ಲಿ ಮನೆಯವರು ಏನು ಮಾಡಬಹುದು, ಏನನ್ನು ಮಾಡದೆ ಸುಮ್ಮನಿರಬೇಕು ಎಂಬುದನ್ನು ಕುರಿತದ್ದು.

ನಮ್ಮ ಶಾಲಾ ಕ್ರೀಡಾಕೂಟಗಳು ಒಂದು ಜರಡಿಯಂತೆ ಕೆಲಸ ಮಾಡುತ್ತವೆ. ಹೋಬಳಿಯಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ, ಅಲ್ಲಿಂದ ವಿಭಾಗ, ಕೊನೆಗೆ ರಾಜ್ಯಮಟ್ಟ. ಪ್ರತಿ ಹಂತದಲ್ಲೂ ಮೊದಲ ಒಂದೆರಡು ಸ್ಥಾನ ಪಡೆದವರಷ್ಟೇ ಮುಂದೆ ಹೋಗುತ್ತಾರೆ. ಮಳೆಗಾಲದ ಕೆಸರಿನ ಮೈದಾನದಲ್ಲಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಓಟದ ಪಥದಲ್ಲಿ, ನೂರು ಮೀಟರ್ ಓಡುವ ಮಗುವಿಗೆ ಇಡೀ ವರ್ಷದ ಕ್ರೀಡೆ ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಪ್ರತಿಭೆಯನ್ನು ಹುಡುಕಲು ಈ ಏರ್ಪಾಡು ಬೇಕು, ನಿಜ. ಆದರೆ ಮಕ್ಕಳನ್ನು ಬೆಳೆಸಲು ಇದೊಂದೇ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಏಕೆಂದರೆ ಹದಿನಾಲ್ಕು ವರ್ಷದೊಳಗಿನ ವಿಭಾಗದಲ್ಲಿ ನಾವು ಅಳೆಯುವುದು ಎಷ್ಟೋ ಬಾರಿ ಪ್ರತಿಭೆಯನ್ನಲ್ಲ, ದೇಹ ಎಷ್ಟು ಬೇಗ ಬಲಿಯಿತು ಎಂಬುದನ್ನು. ಹುಡುಗಿಯರು ಅತಿ ವೇಗವಾಗಿ ಎತ್ತರಕ್ಕೆ ಬೆಳೆಯುವುದು ಸರಿಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ. ಹುಡುಗರು ಅದಕ್ಕಿಂತ ಸುಮಾರು ಎರಡು ವರ್ಷ ತಡವಾಗಿ. ಒಂದೇ ತರಗತಿಯ, ಒಂದೇ ವಯಸ್ಸಿನ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಆಗಲೇ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ಗುಂಡು ಎಸೆತದಲ್ಲಿ ಇವರಿಬ್ಬರನ್ನೂ ಒಂದೇ ವೃತ್ತದಲ್ಲಿ ನಿಲ್ಲಿಸಿ, ಸೋತವನಿಗೆ ಆಟ ಆಗಿಬರುವುದಿಲ್ಲವೆಂದು ಮನೆಯಲ್ಲೂ ಶಾಲೆಯಲ್ಲೂ ತೀರ್ಪು ಕೊಟ್ಟುಬಿಡುತ್ತೇವೆ. ಹತ್ತನೆಯ ತರಗತಿಯ ಹೊತ್ತಿಗೆ ಈ ಲೆಕ್ಕ ತಲೆಕೆಳಗಾಗಬಹುದು. ಆದರೆ ಅಷ್ಟರಲ್ಲಿ ತಡವಾಗಿ ಬೆಳೆದ ಹುಡುಗ ಮೈದಾನಕ್ಕೆ ಬರುವುದನ್ನೇ ಬಿಟ್ಟಿರುತ್ತಾನೆ. ಹುಡುಗಿಯರಲ್ಲಿ ಕೆಲವೊಮ್ಮೆ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ಆರನೆಯ ತರಗತಿಯಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದವಳ ವೇಗ, ಮೈ ಬದಲಾಗುವ ಕಾಲದಲ್ಲಿ, ಕೆಲವು ತಿಂಗಳು ನಿಂತಲ್ಲೇ ನಿಲ್ಲುತ್ತದೆ. ಆಗ ಮನೆಯವರು ಸೋಮಾರಿತನವೆಂದು ಗದರುತ್ತಾರೆ. ಆ ತಿಂಗಳುಗಳನ್ನು ಗದರದೆ ದಾಟಿಸುವುದು ತಂದೆತಾಯಿಗಳ ಕೆಲಸ. ಜನ್ಮದಿನಾಂಕ ತಿದ್ದಿಸಿ ಚಿಕ್ಕವರ ವಿಭಾಗದಲ್ಲಿ ಓಡಿಸುವುದು ಅವರ ಕೆಲಸವಲ್ಲ. ಅದು ನಡೆಯುತ್ತದೆ ಎಂಬುದು ಇಲ್ಲಿ ಯಾರಿಗೂ ಹೊಸ ವಿಷಯವಲ್ಲ, ಆದ್ದರಿಂದ ಬೆಳೆಸುವುದಿಲ್ಲ.

ಮನೆಯ ನಿಜವಾದ ಪಾಲು ಅಡುಗೆಮನೆಯಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಎಂಟುನೂರು ಮೀಟರ್ ಓಟದ ಎರಡನೆಯ ಭಾಗದಲ್ಲಿ ಏದುಸಿರು ಬಿಡುತ್ತಾ ಹಿಂದೆ ಬೀಳುವ ಹುಡುಗಿಗೆ ಅಭ್ಯಾಸ ಸಾಲದು ಎನ್ನುವ ಮೊದಲು, ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಅವಳ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಹೊಟ್ಟೆ ತೊಳಸುತ್ತದೆಂದು ಕಿಟಕಿಯಾಚೆ ಎಸೆಯುವುದು ಶಿಕ್ಷಕರಿಗೆ ಗೊತ್ತಿರುವ ಗುಟ್ಟು. ಊಟವಾದ ಮೇಲೆ ನುಂಗಿದರೆ ಆ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಊಟದ ಜೊತೆಗೆ ಚಹಾ ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ನಿಂಬೆಹಣ್ಣು ಹಿಂಡಿದರೆ ಹೆಚ್ಚು ಸೇರುತ್ತದೆ. ಡಬ್ಬಿಯ ಪುಡಿಗಳಿಗೆ ಹಣ ಸುರಿಯುವ ಮೊದಲು ಇಷ್ಟನ್ನು ಮಾಡಬಹುದು. ಇನ್ನು ನಿದ್ರೆ: ಹದಿಮೂರು ದಾಟಿದ ಮಕ್ಕಳಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ಬೇಕೆಂದು ವೈದ್ಯರು ಹೇಳುತ್ತಾರೆ. ಬೆಳಗಿನ ಐದಕ್ಕೆ ಅಭ್ಯಾಸ, ರಾತ್ರಿ ಹನ್ನೊಂದರವರೆಗೆ ಟ್ಯೂಷನ್ ಪಾಠವೆಂದರೆ ಆ ಲೆಕ್ಕ ಹೇಗೂ ಕೂಡುವುದಿಲ್ಲ.

ಮಂಡಿನೋವಿನ ಬಗೆಗೂ ಒಂದು ಮಾತು. ಓಡುವ, ಜಿಗಿಯುವ ಮಕ್ಕಳಿಗೆ ಬೆಳವಣಿಗೆಯ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ, ಮೊಣಕಾಲಿನ ಮುಂಭಾಗದಲ್ಲಿ, ಮುಟ್ಟಿದರೆ ನೋಯುವ ಗಂಟೊಂದು ಕಾಣಿಸಿಕೊಳ್ಳಬಹುದು. ಇದನ್ನು ನೆಪವೆಂದು ತಳ್ಳಿಹಾಕಬೇಡಿ. ಹಾಗೆಂದು ಹೆದರಿ ಕ್ರೀಡೆಯನ್ನೇ ಬಿಡಿಸಲೂ ಬೇಡಿ. ವೈದ್ಯರಿಗೆ ತೋರಿಸಿ, ಜಿಗಿತವನ್ನು ಕೆಲಕಾಲ ತಗ್ಗಿಸಿದರೆ ಸಾಮಾನ್ಯವಾಗಿ ಬೆಳವಣಿಗೆ ಮುಗಿಯುವ ಹೊತ್ತಿಗೆ ಅದು ತಾನಾಗಿ ಶಮನವಾಗುತ್ತದೆ.

ಕ್ರೀಡಾಕೂಟದ ದಿನ ಮೈದಾನಕ್ಕೆ ಬರುವ ಪೋಷಕರು ಉದ್ದ ಜಿಗಿತದ ಅಂಕಣದ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಜಿಗಿಯುವ ಹಲಗೆಯ ಅಗಲ 20 ಸೆಂಟಿಮೀಟರ್ ಮಾತ್ರ. ಕಾಲಿನ ತುದಿ ಅದರ ಮುಂದಿನ ಅಂಚನ್ನು ದಾಟಿದರೆ ಆ ಜಿಗಿತ ಲೆಕ್ಕಕ್ಕಿಲ್ಲ. ಹಲಗೆಗಿಂತ ಒಂದಡಿ ಹಿಂದಿನಿಂದಲೇ ಜಿಗಿದರೆ ಆ ಒಂದಡಿ ನಷ್ಟವಾದಂತೆಯೇ. ಅಳತೆ ತೆಗೆಯುವುದು ಮರಳಿನಲ್ಲಿ ಹಲಗೆಗೆ ಅತಿ ಹತ್ತಿರದ ಗುರುತಿನಿಂದ. ಹಾಗಾಗಿ ಚೆನ್ನಾಗಿ ಹಾರಿದ ಹುಡುಗಿ ಹಿಂದಕ್ಕೆ ಕೈಯೂರಿದರೆ ಕಾಲಿನ ಗುರುತು ಬಿಟ್ಟು ಕೈಯ ಗುರುತನ್ನೇ ಅಳೆಯುತ್ತಾರೆ. ಓಡಿಬರುವ ಹೆಜ್ಜೆಗಳನ್ನು ಸರಿಹೊಂದಿಸಿಕೊಳ್ಳಲು ಅವಳು ತಿಂಗಳುಗಟ್ಟಲೆ ಹೆಣಗಿದ್ದಾಳೆಂಬುದು ಇದನ್ನು ಕಂಡವರಿಗೆ ಮಾತ್ರ ಅರ್ಥವಾಗುತ್ತದೆ. ಆಮೇಲೆ ಮನೆಯಲ್ಲಿ ಕೇಳುವ ಪ್ರಶ್ನೆಯೂ ಬದಲಾಗುತ್ತದೆ: ಎಷ್ಟನೆಯ ಸ್ಥಾನ ಬಂತು ಎನ್ನುವ ಬದಲು ಎಷ್ಟು ದೂರ ಜಿಗಿದೆ, ಹೋದ ಸಲ ಎಷ್ಟಿತ್ತು ಎಂದು ಕೇಳುತ್ತೇವೆ. ಅಂಕಣದ ಹೊರಗಿನಿಂದ ಕೂಗಿ ಹೇಳಿಕೊಡುವುದನ್ನು ಮಾತ್ರ ದಯವಿಟ್ಟು ಶಿಕ್ಷಕರಿಗೆ ಬಿಡಿ. ಬುತ್ತಿಯಲ್ಲಿ ಬಾಳೆಹಣ್ಣು, ನೀರು, ಹಗುರವಾದ ಊಟವಿರಲಿ. ಉದ್ಘಾಟನೆಯ ಭಾಷಣಗಳು ಮುಗಿದು ಮೊದಲ ಓಟ ಆರಂಭವಾಗುವ ಹೊತ್ತಿಗೆ ಬಿಸಿಲೇರಿರುತ್ತದೆ. ಭಾಷಣಕಾರನಾದ ನಾನೇ ಇದನ್ನು ಹೇಳುವುದು ತುಸು ವಿಚಿತ್ರವೇ ಸರಿ.

ಎಸ್‌ಎಸ್‌ಎಲ್‌ಸಿ ಬಂದೊಡನೆ ಓಟ ಬಿಡಿಸುವ ಪದ್ಧತಿಯಿದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆ ಹತ್ತನೆಯ ತರಗತಿಗೆ ವಿನಾಯಿತಿ ಕೊಟ್ಟಿಲ್ಲ. ಕ್ರೀಡಾ ಕೋಟಾದ ಸೀಟಿನ ಆಸೆಗೆ ಓಡಿಸುವವರೂ ಇದ್ದಾರೆ; ಆ ಸೀಟು ಕೆಲವೇ ಮಂದಿಗೆ ದಕ್ಕುತ್ತದೆ, ಹಾಗಾಗಿ ಅದನ್ನು ನೆಚ್ಚಿ ಮಗುವನ್ನು ಮೈದಾನಕ್ಕೆ ಕಳಿಸುವುದು ಸರಿಯಲ್ಲ.

ಶಾಲೆಯ ಮುಂದೆ ನನ್ನದೊಂದು ಬೇಡಿಕೆ ಇದೆ. ಜೂನ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ, ಆಯ್ಕೆಯಾದವರು ಆಗದವರು ಎನ್ನದೆ ಪ್ರತಿ ಮಗುವಿನ ಓಟದ ಸಮಯವನ್ನೂ ಜಿಗಿತದ ದೂರವನ್ನೂ ಒಂದು ವಹಿಯಲ್ಲಿ ಬರೆದಿಡಬೇಕು. ಇಷ್ಟು ಮಕ್ಕಳಿಗೆ ಒಬ್ಬರೇ ದೈಹಿಕ ಶಿಕ್ಷಕರಿಂದ ಇದು ಆಗದ ಕೆಲಸವೆಂದು ನನಗೆ ಗೊತ್ತು. ಟೇಪು ಹಿಡಿಯಲು, ಸ್ಟಾಪ್‌ವಾಚ್ ಒತ್ತಲು, ಹೆಸರು ಬರೆಯಲು ಪೋಷಕರು ಬರಬಹುದು. ಮುಂದಿನ ಸಮಿತಿ ಸಭೆಯಲ್ಲಿ ಅದಕ್ಕೊಂದು ಶನಿವಾರವನ್ನು ಗೊತ್ತುಮಾಡೋಣ.